ಬೂದಿಕೋಟೆಗೆ ಬರಿಗೈಯಲ್ಲಿ

12 ಜೂನ್ 2025, ಗುರುವಾರ

ಬೆಳಗ್ಗೆ ಆರಕ್ಕೆ ಗ್ರೌಂಡ್. ಗೋಲ್ ಬಲೆಯ ಎಡಮೂಲೆ ಮತ್ತೆ ಹರಿದಿದೆ. ಯಾರ ಹಸುವಿನ ಕೆಲಸ ಎಂದು ಗೊತ್ತು, ಆದರೆ ಆ ಮನೆಯ ಮಗನೇ ನಮ್ಮ ಗೋಲ್‌ಕೀಪರ್ — ಬಾಯಿ ಮುಚ್ಚಿಕೊಂಡು ಹೊಲಿದೆ. ಒಂಬತ್ತಕ್ಕೆ ಆಂಡರ್ಸನ್‌ಪೇಟೆಯಲ್ಲಿ ಅಂಗಡಿ ತೆರೆದೆ. ಆಧಾರ್ ಜೆರಾಕ್ಸ್, ಆಧಾರ್ ಜೆರಾಕ್ಸ್, ಒಂದು ಬಯೋಡೇಟಾ. ಹನ್ನೊಂದೂವರೆಗೆ ಬೆಂಗಳೂರಿನಿಂದ ಫೋನ್.

ನವಸತ್ವ ಫುಡ್ಸ್‌ನವರು ಒಪ್ಪಿದ್ದಾರೆ. ಮೂರು ವರ್ಷದ ಸ್ಪಾನ್ಸರ್‌ಶಿಪ್. ನಂದಿದುರ್ಗದ ಗಣಿ ಕಾಲೋನಿಯ ನಮ್ಮ ಫುಟ್‌ಬಾಲ್ ಕ್ಲಬ್, ಥರ್ಡ್ ಲೈನ್ ಎಫ್‌ಸಿಗೆ. ಅಂದರೆ ಜೆರಾಕ್ಸ್ ಮೆಷಿನ್ನಿನ ಹಿಂದಿರುವ ಒಂದು ಬೀರುವಿಗೆ. ಕಾರ್ಯದರ್ಶಿ ನಾನೇ, ಜವಾನ ನಾನೇ. ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ನಾವಾಡುವ ಲೀಗ್ ಬೆಳೆದ ರೀತಿ ನೋಡಿದರೆ ತಲೆ ತಿರುಗುತ್ತದೆ. ನಾಲ್ಕು ವರ್ಷದ ಹಿಂದೆ ರೆಫರಿಗೆ ಬಸ್ ಚಾರ್ಜು, ಒಂದು ಆಮ್ಲೆಟ್. ಆಮೇಲೆ ಟೈಟಲ್ ಸ್ಪಾನ್ಸರ್ ಬಂದರು, ಮೊಬೈಲಿನಲ್ಲಿ ಲೈವ್ ಬಂತು, ಬೇಲಿಯ ಬಳಿ ಲೈಟು ಹೊಳೆಯುವ ಬೋರ್ಡು ಬಂತು. ಈ ವರ್ಷದಿಂದ ಪೂರ್ತಿ ಪ್ರೊಫೆಷನಲ್. ಕ್ಲಬ್‌ಗೆ ಲೈಸೆನ್ಸ್ ಬೇಕು. ಲೈಸೆನ್ಸಿಗೆ ಕಂಪನಿ ಸ್ಪಾನ್ಸರ್ ಇರಬೇಕು, ಆಟಗಾರರಿಗೆ ತಿಂಗಳ ಸಂಬಳ ಕೊಡಬೇಕು. ಜುಲೈ 18 ಕಡೆಯ ದಿನ.

ಸಂಜೆ ಗಿರಿಗೆ ಹೇಳಿದೆ. ನಮ್ಮ ಕ್ಯಾಪ್ಟನ್. ಬೆಳಗಿನ ಮಾರಿಕುಪ್ಪಂ ರೈಲು ಹಿಡಿದು ವೈಟ್‌ಫೀಲ್ಡ್‌ನ ಗೋಡೌನಿನಲ್ಲಿ ಮೂಟೆ ಹೊತ್ತು, ಸಂಜೆ ಬಂದು ಪ್ರಾಕ್ಟೀಸ್ ಮಾಡುವವನು. ಸಂಬಳ ಅಂದಾಗ ಬೂಟಿನ ಲೇಸ್ ಬಿಚ್ಚಿ ಮತ್ತೆ ಕಟ್ಟಿದ.

16 ಜೂನ್, ಸೋಮವಾರ

ಕಂಪನಿಯ ಸುಮಲತ ಮೇಡಂ ಒಪ್ಪಂದ ಕಳಿಸಿದ್ದಾರೆ. ಹದಿನಾಲ್ಕು ಪುಟ. ಒಂಬತ್ತನೇ ಕಲಮನ್ನು ಮೂರು ಸಲ ಓದಿದೆ. ಜೆರ್ಸಿಯ ಮೇಲಾಗಲಿ ಗ್ರೌಂಡಿನಲ್ಲಾಗಲಿ ಬೇರೆ ಯಾವ ಹಿಟ್ಟು, ಧಾನ್ಯ, ತಿಂಡಿಯವರ ಹೆಸರೂ ಇರಕೂಡದು.

ನಮ್ಮ ಜೆರ್ಸಿಯ ಎದೆಯ ಮೇಲೆ ಇಪ್ಪತ್ತೆರಡು ವರ್ಷದಿಂದ ಒಂದೇ ಹೆಸರು. ಕೋದಂಡಪ್ಪ ಫ್ಲೋರ್ ಮಿಲ್, ಬೂದಿಕೋಟೆ.

ಚಿನ್ನದ ಗಣಿ ಮುಚ್ಚಿ, ಚೆಂಡು ಕೊಳ್ಳಲೂ ಗತಿಯಿಲ್ಲದ ಕಾಲದಲ್ಲಿ ಕೈ ಹಿಡಿದವರು. ಕ್ಲಬ್ ಇರುವವರೆಗೂ ಅವರ ಹೆಸರು ಇರುತ್ತದೆ ಎಂದು 2003ರಲ್ಲಿ ಸ್ಟ್ಯಾಂಪ್ ಪೇಪರಿನ ಮೇಲೆ ಬರೆದುಕೊಟ್ಟಿದ್ದು ನಾನೇ. ಆಗ ನನಗೆ ಮೂವತ್ತು, ಬರವಣಿಗೆಯ ಹುಚ್ಚು. ಈಗ ಅವರು ಆಕ್ಷೇಪಣೆ ಇಲ್ಲವೆಂದು ಬರೆದು ಸಹಿ ಹಾಕದಿದ್ದರೆ ಕಂಪನಿ ಬರುವುದಿಲ್ಲ, ಕಂಪನಿ ಬರದಿದ್ದರೆ ಲೈಸೆನ್ಸ್ ಇಲ್ಲ.

ಒಂದು ಸಹಿ ತಾನೇ ಸರ್, ಅಂದರು ಮೇಡಂ. ಅವರಿಗೇನು, ಕೋದಂಡಪ್ಪನವರ ಮುಖ ನೋಡಿಲ್ಲ. ಫೋನಿನಲ್ಲಿ ಹೇಳುವ ಮಾತೂ ಅಲ್ಲ ಇದು. ಹೋಗಬೇಕು.

22 ಜೂನ್, ಭಾನುವಾರ

ನನ್ನಂಥ ಪೆದ್ದ ಈ ತಾಲ್ಲೂಕಿನಲ್ಲಿಲ್ಲ.

ಪ್ರತಿ ಸೀಸನ್ನಿಗೂ ಮೊದಲ ಜೆರ್ಸಿಯನ್ನು ತಟ್ಟೆಯಲ್ಲಿಟ್ಟು, ಎಲೆ ಅಡಿಕೆ ತೆಂಗಿನಕಾಯಿ ಜೊತೆ ಬೂದಿಕೋಟೆಗೆ ಒಯ್ಯುತ್ತೇನೆ. ಅವರು ವೀಳ್ಯ ತೆಗೆದುಕೊಂಡರೆ ಆ ವರ್ಷಕ್ಕೆ ಒಪ್ಪಿದ ಹಾಗೆ. ಮತ್ತೆ ಮಾತಿಲ್ಲ. ಇವತ್ತು ಸಂಬಂಧ ಬಿಡಿಸಿಕೊಳ್ಳಲು ಹೊರಟವನು, ಅಂಥ ದೊಡ್ಡವರ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಮರ್ಯಾದೆಗೆ ತಟ್ಟೆ ಹಿಡಿದೇ ಹೋದೆ. ಹೊಸದು ಹೊಲಿಸಿಲ್ಲವೆಂದು ಹೋದ ವರ್ಷದ ಜೆರ್ಸಿಯನ್ನೇ ಇಸ್ತ್ರಿ ಮಾಡಿ ಮಡಿಚಿಟ್ಟಿದ್ದೆ.

ಅವರು ತಟ್ಟೆ ನೋಡಿದರು. ಟವೆಲ್ಲಿನಲ್ಲಿ ಎರಡು ಸಲ ಮುಖ ಒರೆಸಿಕೊಂಡರು. ಆಮೇಲೆ ಎರಡೂ ಕೈ ಚಾಚಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. "ಆಯ್ತಪ್ಪ ಕುಮಾರು. ಇನ್ನೊಂದ್ ವರ್ಸ ತಾನೇ" ಅಂದರು. ಅವರ ಹೆಂಡತಿ ಅಕ್ಕಯ್ಯಮ್ಮ ಐದು ಕೇಜಿ ರಾಗಿಹಿಟ್ಟು ಕಟ್ಟಿಕೊಟ್ಟರು. ಹೊತ್ತುಕೊಂಡು ಬಂದೆ.

ನನ್ನ ಹೆಂಡತಿ ಶ್ಯಾಮಲಾ ಹಿಟ್ಟಿನ ಗಂಟು ನೋಡಿದಳು, ನನ್ನ ಮುಖ ನೋಡಿದಳು. "ಬಿಡಿಸ್ಕೊಂಡು ಬರೋಕೋಗಿ ಕಟ್ಟಾಕಿಸ್ಕೊಂಡು ಬಂದ್ರಾ?" ಅಂದಳು. ಹಿಟ್ಟನ್ನು ಡಬ್ಬಕ್ಕೆ ಸುರಿದೆ.

3 ಜುಲೈ, ಗುರುವಾರ

ಮತ್ತೆ ಹೊರಟೆ. ಬಂಗಾರಪೇಟೆಯವರೆಗೆ ಹೋದೆ. ಬೂದಿಕೋಟೆ ಬಸ್ಸು ನಿಂತಿತ್ತು, ಸೀಟೂ ಖಾಲಿ ಇತ್ತು. ಎರಡು ಪ್ಲೇಟ್ ಪಾನಿಪುರಿ ತಿಂದು ವಾಪಸ್ ಬಂದೆ. ಬಸ್ಸು ತಪ್ಪಿತು ಎಂದು ಶ್ಯಾಮಲಾಗೆ ಹೇಳಿದೆ. ನಂಬಲಿಲ್ಲ. ಎದೆಯುರಿ. ಗ್ಯಾಸ್ಟ್ರಿಕ್ ಮಾತ್ರೆ ಎರಡು.

9 ಜುಲೈ, ಬುಧವಾರ

ಗಿರಿ ಬೆಳಗ್ಗೆ ಆರಕ್ಕೇ ಗ್ರೌಂಡಿನಲ್ಲಿ. ಇವನು ರೈಲಿನಲ್ಲಿರಬೇಕಿತ್ತಲ್ಲ ಅಂದುಕೊಂಡೆ. ಸುತ್ತು ಹಾಕಿ ಬಂದು, ಏದುಸಿರಿನಲ್ಲೇ —

"ಮೇಸ್ತ್ರಿಗೆ ಬರಲ್ಲ ಅಂತ ಏಳ್ಬುಟ್ಟೆ ಅಣ್ಣ. ಇನ್ ಮ್ಯಾಲೆ ಎರಡೊತ್ತೂ ಪ್ರಾಕ್ಟೀಸು."

ಸಹಿ ಇನ್ನೂ ಆಗಿಲ್ಲ ಎಂದು ಹೇಳಲಿಲ್ಲ. ಹೇಳಬೇಕಿತ್ತು. ಅವನಿಗೆ ಎರಡು ವರ್ಷದ ಮಗಳಿದ್ದಾಳೆ. ನನ್ನ ಒಂದು ಮಾತು ನಂಬಿ ಕೆಲಸ ಬಿಟ್ಟು ಬಂದಿದ್ದಾನೆ... ಮಧ್ಯಾಹ್ನ ಊಟ ಸೇರಲಿಲ್ಲ.

11 ಜುಲೈ, ಶುಕ್ರವಾರ. ಮಧ್ಯಾಹ್ನ 2

ಅಂಗಡಿಯಲ್ಲಿ ಯಾರೂ ಇಲ್ಲ. 2003ರ ಸ್ಟ್ಯಾಂಪ್ ಪೇಪರ್ ತೆಗೆದು ಸ್ಕ್ಯಾನರ್ ಮೇಲೆ ಇಟ್ಟೆ. ಅದರಲ್ಲಿ ಅವರ ಸಹಿ ಇದೆ. ದಪ್ಪ ಅಕ್ಷರ, ಕೊನೆಯಲ್ಲಿ ಒಂದು ಚುಕ್ಕಿ. ಅದನ್ನು ಎತ್ತಿ ಇನ್ನೊಂದು ಕಾಗದದ ಮೇಲೆ ಕೂರಿಸುವುದು ನನಗೆ ಹತ್ತು ನಿಮಿಷದ ಕೆಲಸ.

ಮುಚ್ಚಳದ ಕೆಳಗೆ ಬೆಳಕು ಹೋಗಿ ಬಂತು. ಮೆಷಿನ್ನಿನ ಸ್ವಿಚ್ಚೇ ಆಫ್ ಮಾಡಿದೆ. ಇದನ್ನು ಬರೆಯುವುದಕ್ಕೂ ನಾಚಿಕೆ. ಆದರೂ ಬರೆದಿಡುತ್ತೇನೆ, ನಾಳೆ ನಾನು ದೊಡ್ಡ ಸಾಚಾ ಎಂದು ಮೆರೆಯದಿರಲಿ.

12 ಜುಲೈ, ಶನಿವಾರ

ಶ್ಯಾಮಲಾಗೆ ಎಲ್ಲವನ್ನೂ ಹೇಳಿದೆ. ಪಾನಿಪುರಿ ಸಮೇತ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಅವಳು ಹೇಳಿದ್ದು ಇಷ್ಟೇ: ನಾಳೆ ಹೋಗಿ, ಆದರೆ ಕೈಯಲ್ಲಿ ಒಂದು ಬಾಳೆಹಣ್ಣೂ ಇರಬಾರದು. ಕೈಯಲ್ಲಿ ಏನಾದರೂ ಇದ್ದರೆ ಅದನ್ನು ಕೊಟ್ಟು ಎದ್ದು ಬರುವ ಜಾತಿ ನಿಮ್ಮದು. ಏನೂ ಇಲ್ಲದಿದ್ದರೆ ಬಾಯಾದರೂ ಬಿಚ್ಚಲೇಬೇಕಲ್ಲ.

13 ಜುಲೈ, ಭಾನುವಾರ. ಮಧ್ಯಾಹ್ನ 3, ಬೂದಿಕೋಟೆ ಬಸ್ ಸ್ಟಾಪ್

ಬಸ್ಸು ಬರುವಷ್ಟರಲ್ಲಿ ಬರೆಯಬೇಕು.

ಮಿಲ್ಲಿನ ಮುಂದೆ ಅಕ್ಕಯ್ಯಮ್ಮ ಹಸುವಿಗೆ ಬೂಸಾ ಕಲಸುತ್ತಿದ್ದರು. ನನ್ನನ್ನು ನೋಡಿದರು. ಮುಖ ಅಲ್ಲ, ಕೈ ನೋಡಿದರು. ಎಡಗೈ, ಬಲಗೈ, ಆಮೇಲೆ ನನ್ನ ಬೆನ್ನ ಹಿಂದೆ. ಒಳಗೆ ತಿರುಗಿ ಕೂಗಿದರು:

"ಏನೂಂದ್ರೆ, ಕುಮಾರು ಬರೀ ಕೈಲಿ ಬಂದವ್ನೆ."

ಕೋದಂಡಪ್ಪನವರು ಹಿಟ್ಟು ಮೆತ್ತಿದ ಟವೆಲ್ಲಿನಲ್ಲೇ ಬಂದರು. ಕೂರು ಅಂದರು. ಕೂತೆ. ಕಂಪನಿ, ಕಲಮು, ಲೈಸೆನ್ಸು, ಗಿರಿ ಕೆಲಸ ಬಿಟ್ಟದ್ದು — ಉಸಿರು ತೆಗೆದುಕೊಳ್ಳದೆ ಎಲ್ಲವನ್ನೂ ಹೇಳಿದೆ. ತಲೆ ಎತ್ತಲಿಲ್ಲ. ನೆಲದ ಮೇಲೆ ಹಿಟ್ಟಿನಲ್ಲಿ ಕೋಳಿ ಕಾಲಿನ ಗುರುತು ಇತ್ತು, ಅದನ್ನೇ ನೋಡುತ್ತಿದ್ದೆ.

ಮುಗಿಸಿ ತಲೆ ಎತ್ತಿದರೆ ಮುದುಕರು ನಗುತ್ತಿದ್ದಾರೆ. ಶಬ್ದವಿಲ್ಲದೆ, ಹೊಟ್ಟೆ ಕುಲುಕಿಸಿಕೊಂಡು.

"ಅತ್ತು ವರ್ಸ ಆಯ್ತು ಕಣಪ್ಪ, ಬಿಟ್ಬುಡಾನ ಅಂತ. ನೀನು ಪ್ರತಿ ವರ್ಸ ತಟ್ಟೆ ಇಡ್ಕೊಂಡು ನಿಂತ್ಕೊಂತೀಯ. ವೀಳ್ಯ ತಂದೋನಿಗೆ ಇಲ್ಲ ಅನ್ನೋಕಾಯ್ತದಾ?"

ದುಡ್ಡಿನ ಮಾತಲ್ಲವಂತೆ. ಫೈನಲ್ ದಿನದ ಸ್ಟೇಜು. ಶಾಲು ಹೊದಿಸಿ, ಹಾರ ಹಾಕಿ, ಮೈಕು ಕೈಗೆ ಕೊಡುತ್ತೇವಲ್ಲ, ಅದು. ಒಂದು ವಾರ ಮುಂಚಿನಿಂದ ಅವರಿಗೆ ಹೊಟ್ಟೆ ಕೆಡುತ್ತದಂತೆ. ಭಾಷಣ ಬರೆಸಿಕೊಂಡು ಬಾಯಿಪಾಠ ಮಾಡಿ, ಸ್ಟೇಜಿನಲ್ಲಿ ಮರೆತು, ಎಲ್ಲರಿಗೂ ನಮಸ್ಕಾರ ಅಂದು ಕೂರುವುದು. ಜೂನ್‌ನಲ್ಲಿ ನನ್ನ ತಟ್ಟೆ ಕಂಡಾಗ ಎದೆ ಧಸಕ್ಕೆಂದಿತಂತೆ. ಇಪ್ಪತ್ತೆರಡು ವರ್ಷ ನಾವು ಗೌರವ ಅಂದುಕೊಂಡು ಮಾಡಿದ್ದು ಇದನ್ನು. ನಮ್ಮಿಬ್ಬರಿಗೂ ಒಂದೇ ಗ್ಯಾಸ್ಟ್ರಿಕ್ ಮಾತ್ರೆ. ಅವರದ್ದು ಬೂದಿಕೋಟೆಯಲ್ಲಿ, ನನ್ನದು ಆಂಡರ್ಸನ್‌ಪೇಟೆಯಲ್ಲಿ.

ಸಹಿ ಹಾಕಿದರು. ಕೊನೆಯಲ್ಲಿ ಚುಕ್ಕಿ. ಜೂನ್‌ನಲ್ಲಿ ತಂದ ವೀಳ್ಯದ ಗತಿಯೇನು ಎಂದು ಕೇಳಿದೆ. ಕಾಯಿ ಅವತ್ತೇ ಚಟ್ನಿಯಾಯಿತು, ವಾಪಸ್ ಕೊಡಲಾಗದು ಎಂದು ಅಕ್ಕಯ್ಯಮ್ಮ ತೀರ್ಪು ಕೊಟ್ಟರು.

ಎದ್ದಾಗ ಮಾತ್ರ ಕೋದಂಡಪ್ಪನವರ ನಗು ನಿಂತಿತು. ಟವೆಲ್ಲನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡರು.

"ಅಂಗಾದ್ರೆ ಇನ್ ಮ್ಯಾಲೆ ನಾನು ಆಟಕ್ಕೆ ಬರಂಗಿಲ್ವಾ?"

ಟಿಕೆಟ್ ತೆಗೆದುಕೊಂಡು ಯಾರು ಬೇಕಾದರೂ ಬರಬಹುದು ಅಂದೆ. ಟಿಕೆಟ್ ತೆಗೆದುಕೊಂಡವರನ್ನು ಸ್ಟೇಜಿಗೆ ಕರೆಯುವುದಿಲ್ಲ ತಾನೇ ಎಂದು ಕೇಳಿದರು. ಇಲ್ಲ. ಮಾತಾಡಿಸುವುದಿಲ್ಲ ತಾನೇ? ಇಲ್ಲ. ಅಂಗಾದ್ರೆ ಬತ್ತೀನಿ, ಅಂದರು.

ಒಂದು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಚಪ್ಪಡಿ ಇಳಿದಿದೆ. ಎಷ್ಟು ನಿರಾಳ ಅಂದರೆ, ಬಸ್ಸು ಬರದಿದ್ದರೂ ಚಿಂತೆಯಿಲ್ಲ. ನಡೆದೇ ಹೋಗುತ್ತೇನೆ.

18 ಜುಲೈ, ಶುಕ್ರವಾರ

ಲೈಸೆನ್ಸ್ ಬಂತು. ಗಿರಿಗೆ ತೋರಿಸಿದೆ. ಮೊಬೈಲಿನಲ್ಲಿ ಫೋಟೋ ತೆಗೆದು ಹೆಂಡತಿಗೆ ಕಳಿಸಿದ. ಎದೆಯುರಿ ಇಲ್ಲ. ಮೂರು ಮುದ್ದೆ ಉಂಡೆ.

24 ಆಗಸ್ಟ್, ಭಾನುವಾರ. ಹಾಫ್ ಟೈಮ್

ಟೀಮ್ ಶೀಟಿನ ಹಿಂದೆ ಬರೆಯುತ್ತಿದ್ದೇನೆ, ಆಮೇಲೆ ಡೈರಿಯಲ್ಲಿ ಅಂಟಿಸಬೇಕು. ಮೊದಲ ಹೋಮ್ ಮ್ಯಾಚ್. ಟಿಕೆಟ್ ಪುಸ್ತಕ ಎರಡೂ ಖಾಲಿ. 1-0, ಗಿರಿಯ ಗೋಲು. ಸುಮಲತ ಮೇಡಂ ಕುರ್ಚಿಯ ಮೇಲೆ ಹತ್ತಿ ನಿಂತು ಚಪ್ಪಾಳೆ ಹೊಡೆದರು.

ಕೋದಂಡಪ್ಪನವರು ಬಂದಿದ್ದಾರೆ. ನಾನು ಕೊಟ್ಟ ಪಾಸು ಬೇಡವೆಂದು ಕ್ಯೂನಲ್ಲಿ ನಿಂತು ಟಿಕೆಟ್ ಕೊಂಡರು. ಮೆಟ್ಟಿಲ ಮೇಲೆ ಜನರ ನಡುವೆ, ಕಡಲೆಕಾಯಿ ಪೊಟ್ಟಣ. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಕೈಸನ್ನೆ ಮಾಡಿ ಕರೆದರು. ಕಿವಿಗೆ ಬಾಯಿ ಇಟ್ಟರು.

"ಯಾರ್ಗೂ ಏಳ್ಬೇಡ ಕುಮಾರು. ಇದ್ರಾಗೆ ನಮ್ಮೋರು ಯಾರು? ಮೊದ್ಲಾದ್ರೆ ನನ್ ಎಸ್ರು ನೋಡ್ಕೊಂಡು ಗೊತ್ತು ಮಾಡ್ಕೊಂತಿದ್ದೆ."

ನಮ್ಮದು ಈಗ ಕಿತ್ತಳೆ ಬಣ್ಣ, ಎದುರಿನವರದು ಕೆಂಪು. ಅವರ ಪೊರೆಗಣ್ಣಿಗೆ ಎರಡೂ ಒಂದೇ. ಗಣಿಯ ಸೈನೈಡ್ ಮಣ್ಣಿನ ದಿಬ್ಬದ ಕಡೆಗೆ ಹೊಡೆಯುವವರು ನಮ್ಮವರು ಅಂದೆ. ಅಷ್ಟು ಸಾಕಾಯಿತು. ಮೈಕಿನ ಮುಂದೆ ಎರಡು ಮಾತು ಬಾರದ ಮನುಷ್ಯ, ದಿಬ್ಬದ ಕಡೆ ಚೆಂಡು ಹೋದಾಗೆಲ್ಲ ಎದ್ದು ನಿಂತು ಕೂಗುತ್ತಿದ್ದರು. ಸುತ್ತಲಿನ ಹತ್ತು ಜನಕ್ಕೆ ಅವರೇ ಲೀಡರ್. ನೋಡಿ ನನ್ನ ಕಣ್ಣು ತುಂಬಿತು, ಏನು ಮಾಡಲಿ.

ಟೀಮುಗಳು ಮತ್ತೆ ಗ್ರೌಂಡಿಗೆ ಇಳಿಯುತ್ತಿವೆ. ಈಗ ಕಡೆ ಬದಲಾಗುತ್ತದೆ, ನಮ್ಮವರು ರೋಡಿನ ಕಡೆ ಹೊಡೆಯಬೇಕು — ಅಯ್ಯೋ, ಅವರಿಗೆ ಹೇಳೇ ಇಲ್ಲ, ಆಗಲೇ ದಿಬ್ಬದ ಕಡೆ ನೋಡುತ್ತಾ ಎದ್ದು ನಿಂತಿದ್ದಾರೆ, ವಿಸಿಲ್ ಆಯ್ತು, ಓಡಬೇಕು