ನಡುಮನೆಯ ಕಂಬ

ಬೆಳಗೋಡು
13–11–2002, ಬುಧವಾರ

ಪ್ರೀತಿಯ ತಮ್ಮ ಧರ್ಮನಿಗೆ,

ಅಕ್ಕ ಸರೋಜ ಮನಸಾರೆ ಹರಸಿ ಬರೆಯುವುದು. ಹೇಗಿದ್ದೀಯಪ್ಪ? ಉಪ್ಪಿನಂಗಡಿ ಹತ್ತಿರ ಯಾವುದೋ ಕಟ್ಟಡದಲ್ಲಿ ನೀನು ಜಲ್ಲಿ ಹೊರುತ್ತಿದ್ದುದನ್ನು ಕಂಡೆ ಎಂದು ಲಾರಿ ಶಿವು ಬಂದು ಹೇಳಿದಾಗ ಮೊದಲು ಹೋದ ಜೀವ ಬಂತು, ಆಮೇಲೆ ಸಿಟ್ಟು ಬಂತು. ಮಳೆ ಹಿಡಿಯುವ ಮುಂಚೆ ಹೋದವನು ಇದ್ದೀಯೋ ಇಲ್ಲವೋ ಎಂಬುದೂ ತಿಳಿಯದೆ ಇಷ್ಟು ದಿನ ಕಳೆದೆ. ಘಟ್ಟದ ಕೆಳಗಿನ ಸೆಖೆ ನಿನಗೆ ಒಗ್ಗುವುದಿಲ್ಲ. ಚಿಕ್ಕವನಿದ್ದಾಗ ಧರ್ಮಸ್ಥಳಕ್ಕೆ ಕರೆದುಕೊಂಡು ಹೋದರೆ ಮೈತುಂಬ ಬೆವರುಸಾಲೆ ಎದ್ದು ದಾರಿಯುದ್ದಕ್ಕೂ ಅಳುತ್ತಿದ್ದೆ. ಕುಚ್ಚಲಕ್ಕಿ ಅನ್ನ ಸೇರುತ್ತದೆಯೇ? ಶಿವು ಕೈಯಲ್ಲಿ ರಾಗಿ ಹಿಟ್ಟು, ಸ್ವಲ್ಪ ಹುರುಳಿಕಾಳು ಕಳಿಸಿದ್ದೇನೆ. ನಿನ್ನ ಭಾವ ಚೆನ್ನಾಗಿದ್ದಾರೆ, ನಿನ್ನ ಹೆಸರು ಎತ್ತಿದರೆ ಮಾತ್ರ ಎದ್ದು ದನ ನೋಡಲು ಹೋಗುತ್ತಾರೆ.

ಮುಂದಿನದನ್ನು ಬರೆಯಲು ಕೈ ಬರುತ್ತಿಲ್ಲ. ಕುಳ್ಳಯ್ಯ ಮಾವ ತೀರಿಕೊಂಡರು, ದೀಪಾವಳಿಗೆ ಮುಂಚೆ. ನೀನು ಅರ್ಧಕ್ಕೆ ಬಿಟ್ಟುಹೋದ ಅವರ ಹೊಸ ಮನೆಯ ಪಕ್ಕದಲ್ಲೇ, ಆ ತಗಡಿನ ಶೆಡ್ಡಿನಲ್ಲಿ. ಹಳೆಯ ಮನೆ ಕೆಡವುವಾಗ ‘ಮಳೆ ಹಿಡಿಯೋದ್ರೊಳಗೆ ಹೊಸ ಮನೆ ಸೇರ್ಕತೀರ ಬುಡಿ ಮಾವ’ ಎಂದು ನೀನೇ ಹೇಳಿದ್ದೆ. ಮಳೆಗಾಲ ಪೂರ್ತಿ ಗಂಡ ಹೆಂಡತಿ ಶೆಡ್ಡಿನಲ್ಲೇ ಕಳೆದರು. ಹಿಡಿದ ಕೆಮ್ಮು ಬಿಡಲಿಲ್ಲ. ಕಣ್ಣೆದುರಿಗೆ ತಾರಸಿ ಮನೆ ನಿಂತಿತ್ತು, ಗೋಡೆ ಇತ್ತು, ಸೂರು ಇತ್ತು, ಆದರೆ ಒಳಗೆಲ್ಲ ತಾರಸಿಗೆ ಆನಿಸಿ ನಿಲ್ಲಿಸಿದ ನಿನ್ನ ಸೆಂಟ್ರಿಂಗ್ ಕಂಬಗಳು. ಮಾವ ಹೋದ ದಿನ ಸಣ್ಣಗೆ ಮಳೆ ಬರುತ್ತಿತ್ತು. ದೇಹವನ್ನು ಹೊಸ ಮನೆಯ ನಡುಮನೆಯಲ್ಲಿ ಸ್ವಲ್ಪ ಹೊತ್ತಾದರೂ ಮಲಗಿಸಿ ಎಂದು ಕೆಂಚಮ್ಮತ್ತೆ ಕೇಳಿಕೊಂಡರು. ಹೊತ್ತವರು ಬಾಗಿಲವರೆಗೆ ಹೋಗಿ ನಿಂತುಬಿಟ್ಟರು, ಯಾರೂ ಒಳಗೆ ಕಾಲಿಡಲಿಲ್ಲ. ಅಂಗಳದಲ್ಲೇ ಮಲಗಿಸಿ ಮೇಲೆ ಟಾರ್ಪಾಲು ಹಿಡಿದೆವು. ಒಂದು ಮೂಲೆ ನಾನು ಹಿಡಿದಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ ಧರ್ಮ.

ಅವರು ಯಾಕೆ ಹೆದರಿದರೆಂದು ನಿನಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ನಮ್ಮಪ್ಪ ಲಕ್ಕಪ್ಪ ಮೇಸ್ತ್ರಿ ತಾರಸಿಯ ಮೋಲ್ಡ್ ಹಾಕಿದ ಮನೆ ಯಾವುದೇ ಇರಲಿ, ಸೆಂಟ್ರಿಂಗ್ ಬಿಚ್ಚುವ ದಿನ ಎಲ್ಲರನ್ನೂ ಹೊರಗೆ ಕಳಿಸಿ, ತಾನೊಬ್ಬನೇ ನಡುಮನೆಯಲ್ಲಿ ನಿಂತು ಮೊದಲ ಕಂಬ ಹೊಡೆಯುತ್ತಿದ್ದ. ಬಾಯಲ್ಲಿ ಎಲೆಅಡಿಕೆ, ಕೈಯಲ್ಲಿ ಸುತ್ತಿಗೆ. ‘ಬಿದ್ರೆ ನನ್ ತಲೆ ಮ್ಯಾಲೆ ಬೀಳ್ಲಿ, ನೀವು ಕಾಯಿ ಹಿಡ್ಕಂಡು ಬಾಗ್ಲಾಚೆ ನಿಂತ್ಕಳಿ’ ಎನ್ನುತ್ತಿದ್ದ. ಬರಹದ ಕರಾರು ಏನೂ ಇಲ್ಲದ ಕಾಲದಲ್ಲಿ ಜನಕ್ಕೆ ಅದೇ ಜಾಮೀನು. ಕಂಬ ಉರುಳಿದ ಮೇಲೆಯೇ ಮನೆಯವರು ಕಾಯಿ ಒಡೆದು ಒಳಗೆ ಬರುತ್ತಿದ್ದರು. ನೀನು ಆ ದಿನಕ್ಕೆ ಮೊದಲೇ ಊರು ಬಿಟ್ಟೆ. ಹಾಕಿದವನೇ ಕೆಳಗೆ ನಿಲ್ಲಲು ಹೆದರಿ ಓಡಿದ ಮೇಲೆ ಆ ತಾರಸಿಯಲ್ಲಿ ಸಿಮೆಂಟಿಲ್ಲ, ಬರೀ ಮರಳೇ ಇದೆ ಎಂದು ಊರು ತೀರ್ಮಾನ ಮಾಡಿತು. ಆಲೂರಿನಿಂದ ಕರೆಸಿದ ಮೇಸ್ತ್ರಿ ಬಾಗಿಲಿಂದಲೇ ಮೇಲೆ ನೋಡಿ, ‘ಹಾಕ್ದೋನೇ ಬಂದು ಬಿಚ್ಲಿ ಕಣವ್ವ, ನಂಗೂ ಹೆಂಡ್ರು ಮಕ್ಳು ಅವ್ರೆ’ ಎಂದು ಹೇಳಿ ಬಸ್ಸು ಹತ್ತಿದ. ಈಗ ಕಂಬಗಳ ಬುಡದಲ್ಲಿ ಅಣಬೆ ಎದ್ದಿದೆ.

ನೀನು ಯಾಕೆ ಓಡಿದೆ ಎಂಬುದು ನನಗೆ ಗೊತ್ತು. ಕಾಫಿ ರೇಟು ಬಿದ್ದದ್ದೇ ತಡ, ಮಾರನಹಳ್ಳಿ ಕಡೆಯ ಆ ಎಸ್ಟೇಟಿನವರು ತೋಟದಾಳುಗಳ ಲೈನ್ ಮನೆ ನಿನ್ನಿಂದ ಕಟ್ಟಿಸಿಕೊಂಡು, ದುಡ್ಡು ಕೊಡದೆ ಕೈ ಎತ್ತಿದರು. ಅಲ್ಲಿ ಕಟ್ಟಿದ ಆಳುಗಳ ಕೂಲಿಗೆ ನೀನು ಕುಳ್ಳಯ್ಯ ಮಾವ ಮನೆಗೆಂದು ಕೊಟ್ಟ ಹಣವನ್ನು ಹಾಕಿದೆ. ಮಾವನ ಮನೆ ಮುಗಿಸಲು ಇನ್ನೊಬ್ಬರ ಮುಂಗಡ ಬರುತ್ತದೆ ಎಂದು ಕಾದೆ, ಅದು ಬರಲಿಲ್ಲ. ಸಕಲೇಶಪುರದ ಅಂಗಡಿಯವನು ಸಿಮೆಂಟು ಕೊಡುವುದನ್ನು ನಿಲ್ಲಿಸಿದ. ಹೀಗೆ ಒಂದು ಕಡೆ ಕಿತ್ತು ಇನ್ನೊಂದು ಕಡೆ ತೇಪೆ ಹಾಕುವುದು ಎಷ್ಟು ದಿನ ನಡೆಯುತ್ತದೆ ಹೇಳು. ಕೆಂಚಮ್ಮತ್ತೆಯ ತಮ್ಮ ಗುಂಡಯ್ಯ ಮನೆ ಕಟ್ಟಿಸಿದ್ದನ್ನು ನೆನೆಸಿಕೋ. ಸಿಮೆಂಟು ಕಬ್ಬಿಣ ತಾನೇ ತಂದು ಕೋಣೆಯಲ್ಲಿಟ್ಟು, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಓಡಾಡುತ್ತಿದ್ದ. ಗೋಡೆ ಎದ್ದಷ್ಟಕ್ಕೆ ಮಾತ್ರ, ಅದೂ ಸಂತೆ ದಿನ, ಆಳುಗಳ ಕೈಗೇ ಕೂಲಿ ಕೊಡುತ್ತಿದ್ದ. ಅವನ ಉಡಿದಾರ ನೋಡಿ ನಾವಿಬ್ಬರೂ ಎಷ್ಟು ನಕ್ಕಿದ್ದೆವು. ಕುಳ್ಳಯ್ಯ ಮಾವನಾದರೆ ‘ಲಕ್ಕಪ್ಪನ ಮಗನ್ನ ಏನ್ ಲೆಕ್ಕ ಕೇಳೋದು’ ಎಂದು ಎಲ್ಲವನ್ನೂ ಒಂದೇ ಸಲ ನಿನ್ನ ಕೈಗಿಟ್ಟರು. ಯಾರನ್ನೂ ನಂಬದ ಗುಂಡಯ್ಯ ಈಗ ಬೆಚ್ಚಗೆ ಒಳಗೆ ಮಲಗುತ್ತಾನೆ. ನಮ್ಮನ್ನು ನಂಬಿದವರು ಶೆಡ್ಡಿನಲ್ಲಿ ಹೋದರು.

ಅದೇ ಗುಂಡಯ್ಯ ಮೊನ್ನೆ ನಮ್ಮ ಜಗಲಿಗೆ ಬಂದು ಕೂತ. ಬೈಯಲು ಬಂದ ಎಂದುಕೊಂಡೆ. ‘ಧರ್ಮ ಬಂದ್ರೆ ಬರ್ಲಿ ಕಣಕ್ಕ. ಸಾಮಾನು ನಾನು ತಂದಾಕ್ತೀನಿ, ಕೂಲಿ ವಾರ ವಾರ ನಾನೇ ಬಟವಾಡೆ ಮಾಡ್ತೀನಿ. ಅವನ ಕೈಗೆ ಕಾಸು ಕೊಡಾಕಿಲ್ಲ, ಕರಣೆ ಕೊಡ್ತೀನಿ. ನಮ್ಮಕ್ಕನ ಮನೆ ಮುಗ್ಸಿ ಕೊಡ್ಲಿ. ಆದ್ರೆ ಮೊದ್ಲು ಕಂಬ ಬಿಚ್ಬೇಕು’ ಎಂದ. ಇದು ನಿನಗೆ ಅವಮಾನ ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ. ದಿವಾಳಿಯೆದ್ದವನನ್ನು ಕರೆದು ಕೆಲಸ ಕೊಡುವವರು ಎಷ್ಟು ಜನ ಸಿಗುತ್ತಾರೆ? ಕೆಂಚಮ್ಮತ್ತೆಯಂತೂ ನಿನ್ನ ಬಗ್ಗೆ ಒಂದು ಕೆಟ್ಟ ಮಾತು ಆಡಿಲ್ಲ. ಚಳಿಗೆ ಕಂಬಳಿ ಹೊದ್ದು ಶೆಡ್ಡಿನ ಬಾಗಿಲಲ್ಲಿ ಕೂತಿರುತ್ತಾರೆ, ‘ಹುಡ್ಗ ಊಟಕ್ಕೇನ್ ಮಾಡ್ತಾನೋ’ ಎಂದು ನನ್ನನ್ನೇ ಕೇಳುತ್ತಾರೆ. ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ.

ಯಾರು ಏನೇ ಅನ್ನಲಿ, ಮೋಲ್ಡ್ ಹಾಕಿದ ದಿನ ಬುತ್ತಿ ತಂದವಳು ನಾನು. ಕಲಸಿದ ಕಾಂಕ್ರೀಟನ್ನು ನೀನು ಮುಷ್ಟಿಯಲ್ಲಿ ಹಿಂಡಿ ಹಿಂಡಿ ನೋಡುತ್ತಿದ್ದೆ, ಥೇಟ್ ಅಪ್ಪನ ಹಾಗೆ. ಅದನ್ನು ನೋಡಿ ನಾನು ಒಳಗೊಳಗೇ ಹಿಗ್ಗಿದ್ದೆ. ಆದರೆ ಊಟವಾದ ಮೇಲೆ ನಾನು ಮನೆಗೆ ಬಂದೆ. ಅಷ್ಟು ಹೊತ್ತಿಗೆ ಸಿಮೆಂಟಿನ ಮೂಟೆಗಳು ಮುಗಿಯುತ್ತ ಬಂದಿದ್ದವು, ತಾರಸಿ ಇನ್ನೂ ಅರ್ಧ ಉಳಿದಿತ್ತು. ಆಮೇಲೆ ಏನಾಯಿತೆಂಬುದು ನಿನಗೊಬ್ಬನಿಗೇ ಗೊತ್ತು.

ಮೈ ಕಡೆ ನೋಡಿಕೋ. ಬಿಸಿಲಿಗೆ ತಲೆಗೆ ಟವೆಲ್ ಸುತ್ತಿಕೋ. ಅಪ್ಪ ಅಮ್ಮ ಎಲ್ಲಿದ್ದರೂ ನಿನ್ನ ಬೆನ್ನಿಗಿರಲಿ. ನಿನ್ನ ಭಾವನೂ ನಿನ್ನನ್ನು ವಿಚಾರಿಸಿದರು ಎಂದೇ ತಿಳಿದುಕೋ, ಅವರು ಬಾಯಿಬಿಟ್ಟು ಹೇಳದಿದ್ದರೂ.

ನಿನ್ನ ಅಕ್ಕ,
ಸರೋಜ

ಮತ್ತೊಂದು ಮಾತು: ಶಿವು ಲಾರಿ ಶುರು ಮಾಡಿ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಈ ಕಾರ್ತಿಕ ಸೋಮವಾರ ಬೆಳಿಗ್ಗೆ ಸೆಂಟ್ರಿಂಗ್ ಬಿಚ್ಚುವುದೆಂದು ಕೆಂಚಮ್ಮತ್ತೆಗೆ ಮಾತು ಕೊಟ್ಟಿದ್ದೇನೆ. ಯಾರು ಬಿಚ್ಚುತ್ತಾರೆ ಎಂದು ಹೇಳಿಲ್ಲ. ಲಕ್ಕಪ್ಪ ಮೇಸ್ತ್ರಿಯ ಮಗ ಬರದಿದ್ದರೆ ಮಗಳಿದ್ದಾಳೆ. ನಡುಮನೆಯಲ್ಲಿ ನಿಂತು ಮೊದಲ ಕಂಬ ನಾನು ಹೊಡೆಯುತ್ತೇನೆ. ಅಪ್ಪನ ಸುತ್ತಿಗೆ ಅಟ್ಟದಿಂದ ಇಳಿಸಿಟ್ಟಿದ್ದೇನೆ. ನಿನ್ನ ಭಾವನಿಗೆ ಗೊತ್ತಿಲ್ಲ. ಸಿಮೆಂಟು ಸರಿಯಾಗಿ ಹಾಕಿದ್ದರೆ ನಿನಗೆ ಅನುಕೂಲವಾದಾಗ ಬಾ. ಹಾಕಿಲ್ಲದಿದ್ದರೆ ಭಾನುವಾರದೊಳಗೆ ಬಾ.