ಕೋಸಿನ ಮಗು ಯಾರದು

ಲಾಸ್ತೊವೊ ದ್ವೀಪ, ಮೇ ೯

ಪ್ರೀತಿಯ ಚಿಕ್ಕಮ್ಮಾ,

ಕಡಲಂಚಿನ ಕಾಡುಕೋಸು ಎಲ್ಲೆಲ್ಲಿ ಹಬ್ಬಿದೆ ಎಂದು ನೋಡಲು ಇಲ್ಲಿಗೆ ಬಂದು ಹದಿನೈದು ದಿನವಾಯಿತು. ಹೋದ ವಾರ ಬಂಡೆಯ ಸಂದಿನಲ್ಲಿ ಒಂದು ವಿಚಿತ್ರ ಗಿಡ ಸಿಕ್ಕಿತು. ಅರ್ಧ ಕಾಡುಕೋಸು, ಅರ್ಧ ಹಿತ್ತಲಿನ ಕೋಸು. ತಾನಾಗಿ ಬೆರೆತು ಹುಟ್ಟಿದ್ದು. ಕುಣಿಯುತ್ತಾ ತಂದು ಮನೆಯೊಡತಿ ಪೆರಿನಾಗೆ ತೋರಿಸಿದೆ.

"ಅಯ್ಯೋ, ಇದು ನನ್ನ ಕೋಸಿನ ಮಗು ಕಣೇ!" ಎಂದರು.

ಗೋಡೆಯಾಚೆಯಿಂದ ನೆರೆಮನೆಯ ಫ್ರಾನೆ ಕೂಗಿದರು: "ನಿನ್ನ ಕೋಸು ಹೂ ಬಿಡೋಕೆ ಮುಂಚೇನೇ ನಿನ್ನ ಮೇಕೆ ಮುಗಿಸಿರುತ್ತೆ, ಮಗು ಎಲ್ಲಿಂದ ಬರ್ಬೇಕು? ಅದು ನಮ್ಮನೇದು!"

ಇಬ್ಬರೂ ಹನ್ನೊಂದು ವರ್ಷದಿಂದ ಮಾತು ಬಿಟ್ಟವರಂತೆ. ಅವತ್ತು ಸಂಜೆಯವರೆಗೂ ಬೈದಾಡಿದರು. ನಡುವೆ ಮೇಕೆ ಬಂದು ನನ್ನ ಗಿಡಕ್ಕೇ ಬಾಯಿ ಹಾಕಿತು. ಮೂವರೂ ಎಳೆದಾಡಿ ಎರಡು ಎಲೆ ಉಳಿಸಿದೆವು.

ನಾನು ಕ್ಷೇಮ. ಆದರೆ ಸಾಕ್ಷಿಗೆಂದು ಇಬ್ಬರೂ ಎರಡು ಹೊತ್ತೂ ತಮ್ಮ ತಮ್ಮ ಕೋಸು ಬೇಯಿಸಿ ತಿನ್ನಿಸುತ್ತಾರೆ, ಹೊಟ್ಟೆ ನಗಾರಿಯಾಗಿದೆ. ಸ್ವಲ್ಪ ಸೋಂಪು ಕಳಿಸು.

ಆ ಎಲೆಗಳು, ಇಬ್ಬರ ಕೋಸಿನ ಎಲೆಗಳ ಜೊತೆ, ಪರೀಕ್ಷೆಗೆ ಝಾಗ್ರೆಬ್‌ನ ಪ್ರಯೋಗಾಲಯಕ್ಕೆ ಹೋಗಿವೆ. ತಾಯಿ ಯಾವ ಹಿತ್ತಲಿನದೆಂದು ಗೊತ್ತಾದರೂ ನಾನು ಬಾಯಿ ಬಿಡುವುದಿಲ್ಲ. ತೀರ್ಪು ಸಿಕ್ಕರೆ ಇವರು ಮತ್ತೆ ಮಾತು ಬಿಟ್ಟಾರು.

ಕಾಗದದಲ್ಲಿ ಜಾಗ ಮುಗಿಯಿತು.
ನಿನ್ನ ಮಾರ್ಯೆಟಾ