ಅತ್ತೆ ಬಾಯಿ ಬಿಡದ ದಿನ

ವೆಸ್ಟ್‌ಪೋರ್ಟ್ ಬಂದರು, ವಾಷಿಂಗ್ಟನ್
ಆಗಸ್ಟ್ ೧೪, ಸೋಮವಾರ ಬೆಳಿಗ್ಗೆ

ಪ್ರೀತಿಯ ಮಗಳು ಸಿಗ್ನಿಗೆ,

ಹೇಗಿದ್ದೀ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಅಥವಾ ಸರ್ವೆ ಹಡಗಿನಲ್ಲಿ ಹ್ಯಾಲಿಬಟ್ ಮೀನುಗಳ ಉದ್ದ ಅಳೆಯುವ ಭರದಲ್ಲಿ ನಿನ್ನ ಅಳತೆಯೇ ಇಳಿದುಹೋಗಿದೆಯೋ? ಮಣಿಕಟ್ಟಿನ ಉಪ್ಪುನೀರಿನ ಹುಣ್ಣು ವಾಸಿಯಾಯಿತೇ? ಮುಲಾಮು ಹಚ್ಚಿ ಮೇಲೆ ಹತ್ತಿಬಟ್ಟೆ ಸುತ್ತಿಕೋ. ರಬ್ಬರ್ ಕೈಗವಸನ್ನು ರಾತ್ರಿ ಮಗುಚಿ ಒಣಗಿಸು, ಸೋಮಾರಿತನ ಮಾಡಬೇಡ. ನನ್ನ ಹೊಸ ಮಂಡಿ ಚೆನ್ನಾಗಿದೆ, ತಕರಾರೆಲ್ಲ ಹಳೆಯ ಮಂಡಿಯದೇ. ನಿಮ್ಮ ಹಡಗು ಇಪ್ಪತ್ತೆರಡಕ್ಕೆ ಕೊಡಿಯಾಕ್ ಬಂದರಿಗೆ ಬರುತ್ತದೆಂದು ಅಳಿಯ ಲೈಲ್ ಹೇಳಿದ. ಇವತ್ತು ಇಲ್ಲಿ ಗಾಳಿ ಜೋರು, ಯಾವ ದೋಣಿಯೂ ಹೊರಟಿಲ್ಲ. ಹಾಗಾಗಿ ನನ್ನ ಕೈಗೂ ಬಿಡುವು, ಬಾಯಿಗೂ ಬಿಡುವು.

ಬಾಯಿಯ ವಿಷಯಕ್ಕೇ ಬರುತ್ತೇನೆ. ಹೋಗುವಾಗ ನೀನು ಹಾಕಿದ ಶರತ್ತು ನನ್ನ ಎದೆಯಲ್ಲಿ ಮೂರು ವಾರದಿಂದ ಮೀನಿನ ಮುಳ್ಳಿನಂತೆ ಕೂತಿತ್ತು. ದೋಣಿ ಕೊಳ್ಳಲು ಬಂದಿರುವ ಟಕೋಮಾದವನಿಗೆ ಅದನ್ನು ಮಾರುವ ಮೊದಲು ಒಂದು ದಿನ, ಒಂದೇ ಒಂದು ದಿನ, ನಮ್ಮ ‘ಎಲ್ಸಿ ಮೇ’ಯಲ್ಲಿ ಮೀನುಬೇಟೆಗೆ ಬಂದ ಗಿರಾಕಿಯ ಹಾಗೆ ಕೂತು ಬಾ, ದಡ ಬಿಟ್ಟಲ್ಲಿಂದ ದಡ ಮುಟ್ಟುವವರೆಗೆ ತುಟಿ ಪಿಟಕ್ಕೆನ್ನಬೇಡ, ಆಮೇಲೂ ಲೈಲ್‌ಗೆ ತಾಂಡೇಲನಾಗಿ ದೋಣಿ ನಡೆಸುವ ಯೋಗ್ಯತೆ ಇಲ್ಲವೆನಿಸಿದರೆ ಮಾರಿಬಿಡು, ನಾವಿಬ್ಬರೂ ಅವನಪ್ಪನ ಗೋದಿ ಹೊಲಕ್ಕೆ ಹೋಗುತ್ತೇವೆ, ನಾನು ಉಸಿರೆತ್ತುವುದಿಲ್ಲ ಅಂದೆ. ಲೈಲ್ ನನ್ನ ಪಕ್ಕದಲ್ಲಿ ನಿಂತು ಆರು ವರ್ಷವಾಯಿತು, ಲೈಸೆನ್ಸು ಕೈಗೆ ಬಂದು ಮೂರು. ಆದರೂ ಚುಕ್ಕಾಣಿ ಅವನ ಕೈಯಲ್ಲಿದ್ದಾಗಲೂ ದೋಣಿ ನಡೆಯುವುದು ನಿನ್ನ ನಾಲಿಗೆಯ ಮೇಲೆ ಎಂದೆಯಲ್ಲ, ಅದಕ್ಕೆ ನನಗೆ ಸಿಟ್ಟು ಬಂತು. ಸುಳ್ಳಾಗಿದ್ದರೆ ಅಷ್ಟು ಬರುತ್ತಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಆ ಚುಕ್ಕಾಣಿ ಹಿಡಿದವಳು ನಾನು. ಮೀನು ಕಚ್ಚದ ದಿನವೂ ಗಿರಾಕಿಗಳು ನಗುನಗುತ್ತ ಇಳಿದು, ಮುಂದಿನ ವರ್ಷಕ್ಕೂ ಹೆಸರು ಬರೆಸಿ ಹೋಗುತ್ತಿದ್ದರೆ ಅದು ಈ ಬಾಯಿಯ ಸಂಪಾದನೆ. ಆದರೆ ಮಂಡಿಯ ಡಾಕ್ಟರು ಇನ್ನು ಒಂದು ಸೀಸನ್ ಸಹ ಬೇಡ ಎಂದಿದ್ದಾರೆ. ಟಕೋಮಾದವನಿಗೆ ತಿಂಗಳ ಕೊನೆಯೊಳಗೆ ಹೌದೋ ಅಲ್ಲವೋ ಹೇಳಬೇಕು. ನಿನ್ನ ಶರತ್ತು ಲೈಲ್‌ಗೂ ಗೊತ್ತು. ನಿನ್ನೆ, ಭಾನುವಾರ, ಹೋಗಿ ಕೂತೆ.

ಬೆಳಗಿನ ಜಾವ ದೋಣಿ ಹತ್ತುವ ಹಲಗೆ ದಾಟುವಾಗ ಲೈಲ್ ಕೈಕೊಟ್ಟು, “ಬನ್ನಿ ಅತ್ತೆ. ಮೆಟ್ಟಿಲು ಒದ್ದೆ, ನೋಡ್ಕೊಂಡು” ಎಂದದ್ದು ಬಿಟ್ಟರೆ ಬೇರೇನೂ ಹೇಳಲಿಲ್ಲ. ನಿನ್ನ ಗಂಡ ಗೊತ್ತಲ್ಲ, ಕಾಫಿ ಬೇಕಾ ಎಂದು ಕೇಳಿದರೂ ಹತ್ತು ಎಣಿಸಿ ಉತ್ತರ ಕೊಡುವವನು. ಆದರೆ ನಮ್ಮ ದೋಣಿಯ ಕಲಾಸಿ ಓರಿನ್ ಇದ್ದಾನಲ್ಲ, ಇಪ್ಪತ್ತೆರಡು ವರ್ಷ ನನ್ನ ಬೈಗುಳ ತಿಂದವನು, ಅವನಿಗೆ ನಿನ್ನೆ ಹಬ್ಬ. ಹನ್ನೆರಡು ಗಿರಾಕಿಗಳ ಎದುರು ನಿಂತು, “ನೋಡಿ, ಏಳನೇ ನಂಬರು ಜಾಗದ ಅಮ್ಮನಿಗೆ ಗಂಟಲು ಆಪರೇಷನ್ ಆಗಿದೆ. ಯಾರೂ ಮಾತಾಡಿಸಬೇಡಿ. ಪಾಪ, ಮೊದಲೂ ಹೆಚ್ಚು ಮಾತಿನವರಲ್ಲ” ಎಂದು ಸಾರಿದ. ಸಿಗ್ನಿ, ಅಲ್ಲಿಗೆ ನಾನು ನುಂಗಿದ ಮಾತಿನ ಸಂಖ್ಯೆ ಒಂದು. ಎಣಿಸುತ್ತ ಹೋದೆ, ಎಲ್ಲ ಲೆಕ್ಕ ಇಟ್ಟಿದ್ದೇನೆ.

ಅಳಿವೆಯ ಬಾಯಿಗೆ ಬಂದಾಗ ಇಳಿತದ ನೀರು ಹೊರಗೆ ನುಗ್ಗುತ್ತಿತ್ತು, ಕಡಲಿನ ಅಲೆ ಒಳಗೆ ಬರುತ್ತಿತ್ತು. ಎರಡೂ ಎದುರುಬದುರಾಗಿ ಟಗರುಗಳಂತೆ ಗುದ್ದಾಡುತ್ತಿದ್ದವು. ನಾನಾಗಿದ್ದರೆ ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದು ಕೂಗಿ ನುಗ್ಗಿಸುತ್ತಿದ್ದೆ. ಲೈಲ್ ಎಂಜಿನ್ನು ತಗ್ಗಿಸಿ ತಡೆಗೋಡೆಯ ಒಳಗೇ ನಿಂತುಬಿಟ್ಟ. ಪಕ್ಕದಲ್ಲೇ ಏಳು ದೋಣಿ ದಾಟಿ ಹೋದವು. ಒಬ್ಬ ತಾಂಡೇಲ ರೇಡಿಯೋದಲ್ಲಿ, “ಏನ್ ಲೈಲ್, ಗೋದಿ ಒಣಗ್ಹಾಕಿದ್ದೀಯಾ ಅಲ್ಲಿ?” ಎಂದು ಕೆಣಕಿದ. ಲೈಲ್ ಯೋಚನೆ ಮಾಡಿ, “ಹೂಂ. ಇನ್ನೂ ಸ್ವಲ್ಪ ಹಸಿ ಇದೆ” ಎಂದ, ಅಷ್ಟೇ. ಗಿರಾಕಿಗಳು ಗೊಣಗತೊಡಗಿದರು. ನಾನು ಬೆಂಚಿನ ಅಂಚನ್ನು ಹಿಡಿದು, ನಿನ್ನಜ್ಜಿ ಹೇಳಿಕೊಟ್ಟ ಏಲಕ್ಕಿ ಬ್ರೆಡ್ಡನ್ನು ಬಾಯಿಗೆ ತುರುಕಿಕೊಂಡೆ. ಮೂವತ್ತೆಂಟು ನಿಮಿಷ ಕಾದ ಮೇಲೆ ನೀರು ಸುಮ್ಮನಾಯಿತು, ತೊಟ್ಟಿಲು ತೂಗಿದಂತೆ ದಾಟಿದೆವು. ಹೊರಗೆ ಹೋಗಿ ನೋಡಿದರೆ ನಮಗಿಂತ ಮುಂಚೆ ನುಗ್ಗಿದ ಒಂದು ದೋಣಿಯ ಕಟಾಂಜನದ ಮೇಲೆ ಜನ ಬಟ್ಟೆ ಒಣಗಿಸಿದ ಹಾಗೆ ಜೋತುಬಿದ್ದಿದ್ದರು. ಎಣಿಸಿದೆ, ಒಂಬತ್ತು ತಲೆ. ನಮ್ಮ ಹನ್ನೆರಡು ಜನರ ಹೊಟ್ಟೆಯಲ್ಲೂ ಬೆಳಗಿನ ತಿಂಡಿ ಇದ್ದಲ್ಲೇ ಇತ್ತು. ಇದು ಅಳಿಯನ ಕಡೆಗೆ ಒಂದು.

ಆದರೆ ನ್ಯಾಯವಾಗಿ ಬರೆಯುತ್ತೇನೆ, ಮುಂದಿನದು ನನ್ನ ಕಡೆಗೆ. ಹಕ್ಕಿಗಳು ದಕ್ಷಿಣದಲ್ಲಿ ಮೀನಿಗೆ ಮುಗಿಬೀಳುತ್ತಿದ್ದವು. ನದಿಯ ಕಂದು ನೀರು, ಕಡಲ ಹಸಿರು ನೀರು ಕೂಡುವ ಗೆರೆಯೂ ಅಲ್ಲೇ ಕಾಣುತ್ತಿತ್ತು. ನಮ್ಮ ಮಹಾರಾಯ ವಾಯವ್ಯಕ್ಕೆ ತಿರುಗಿಸಿದ, ಹಿಂದಿನ ದಿನ ಅಲ್ಲಿ ಸಿಕ್ಕಿತ್ತಂತೆ. ನಿನ್ನೆಯ ಮೀನು ಇವತ್ತು ಅಲ್ಲೇ ಕೂತು ಕಾಯುತ್ತದೆಯೇ? “ಹಕ್ಕಿ ಆ ಕಡೆ ಕಣೋ ಪೆದ್ದ” ಎಂಬುದು ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ಓರಿನ್ ನನ್ನನ್ನೇ ನೋಡುತ್ತ, “ಏನಾದ್ರೂ ಬೇಕಾ ಅಮ್ಮಾ? ನೀರು?” ಎಂದು ಕೇಳಿದ, ದುಷ್ಟ. ಒಂದು ಗಂಟೆ ಹತ್ತು ನಿಮಿಷದಲ್ಲಿ ನನ್ನ ಬೂಟಿಗಿಂತ ಸಣ್ಣ ಮೀನು ಎರಡು, ಎರಡನ್ನೂ ಬಿಡಬೇಕಾಯಿತು. ಆಗ ಲೈಲ್ ಚುಕ್ಕಾಣಿ ಕೋಣೆಯಿಂದ ಹೊರಗೆ ಬಂದು, ಟೋಪಿ ಹಿಂದಕ್ಕೆ ಸರಿಸಿ, “ತಪ್ಪು ಜಾಗಕ್ಕೆ ತಂದೆ. ತಪ್ಪು ನಂದೇ. ದಾರ ಎಳ್ಕೊಳ್ಳಿ, ದಕ್ಷಿಣಕ್ಕೆ ಹೋಗೋಣ” ಎಂದ. ಮಗಳೇ, ಇಪ್ಪತ್ತೊಂಬತ್ತು ವರ್ಷದಲ್ಲಿ ಆ ವಾಕ್ಯ ನನ್ನ ಬಾಯಿಂದ ಒಂದು ಸಲವೂ ಬಂದಿಲ್ಲ. ಮೀನು ಈಗತಾನೇ ಜಾಗ ಬಿಟ್ಟಿತು ನೋಡಿ ಎನ್ನುತ್ತಿದ್ದೆ ನಾನು. ಗಿರಾಕಿಗಳು ಬಯ್ಯುತ್ತಾರೆಂದು ಕಾದೆ. ಅವರು ನಕ್ಕರು. ಒಬ್ಬ ಅವನಿಗೆ ತನ್ನ ಫ್ಲಾಸ್ಕಿನ ಕಾಫಿ ಕೊಟ್ಟ. ಇದನ್ನು ಯಾರ ಕಡೆಗೆ ಹಾಕಬೇಕೆಂದು ತಿಳಿಯದೆ ಖಾಲಿ ಬಿಟ್ಟಿದ್ದೇನೆ.

ನನ್ನ ಪಕ್ಕದ ಎಂಟನೇ ನಂಬರಿನಲ್ಲಿ ಒಬ್ಬ ಹಲ್ಲಿನ ಡಾಕ್ಟರು. ಕಡಲ ಮೀನುಬೇಟೆಗೆ ಬಂದದ್ದು ಎರಡನೆಯ ಸಲವಂತೆ. ಆದ್ದರಿಂದ ಎಲ್ಲ ಗೊತ್ತು. “ಕೋಲಿನ ತುದಿ ಮೇಲಿರಬೇಕು ಅಮ್ಮಾ, ಹೀಗೆ. ಹೆಬ್ಬೆರಳು ರೀಲಿನ ಮೇಲೆ ಬೇಡ. ಮೊದಲ ಸಲ ಅಲ್ವಾ, ಭಯ ಪಡಬೇಡಿ” ಎಂದು ನನಗೆ ಗಾಳ ಹಿಡಿಯುವುದನ್ನು ಕಲಿಸಿದರು. ಎರೆಗೆ ಹೆರಿಂಗ್ ಮೀನನ್ನು ಹೇಗೆ ಚುಚ್ಚಬೇಕೆಂದು ತೋರಿಸಿದರು, ಅದೂ ತಲೆಕೆಳಗಾಗಿ. ಓರಿನ್ ಬೆನ್ನು ತಿರುಗಿಸಿ ನಿಂತಿದ್ದ, ಭುಜ ಮಾತ್ರ ಕುಣಿಯುತ್ತಿತ್ತು. ಕೊನೆಗೆ ಡಾಕ್ಟರು ತಗ್ಗಿದ ದನಿಯಲ್ಲಿ, “ಗಂಟಲು ಅಂತಾರೆ, ಕೆಲವು ಸಲ ದವಡೆಯ ಹಲ್ಲಿಂದ ಶುರುವಾಗಿರುತ್ತೆ. ಒಂದ್ಸಲ ಬಾಯಿ ತೆಗೀರಿ, ನೋಡ್ತೀನಿ” ಎಂದರು. ಭೂಮಿಯ ಮೇಲೆ ನಿನ್ನೆ ನಾನು ಮಾಡಬಾರದಿದ್ದ ಕೆಲಸ ಅದೊಂದೇ. ತಲೆ ಅಲ್ಲಾಡಿಸಿದೆ. ನಾಚಿಕೆ ಸ್ವಭಾವ, ಎಂದು ಅವರು ಆಚೆಯವರಿಗೆ ಹೇಳಿದರು. ನುಂಗಿದ್ದು ಅಲ್ಲಿಗೆ ನಲವತ್ತೊಂದು.

ಅಷ್ಟರಲ್ಲಿ ನನ್ನ ಕೋಲು ಬಾಗಿತು. ನಿಜ ಹೇಳುತ್ತೇನೆ ಸಿಗ್ನಿ, ನಾನು ಕೈಯಲ್ಲಿ ಗಾಳ ಹಿಡಿದು ಹತ್ತೊಂಬತ್ತು ವರ್ಷವಾಗಿತ್ತು. ತಾಂಡೇಲನಿಗೆಲ್ಲಿ ಮೀನು ಹಿಡಿಯುವ ಪುರುಸೊತ್ತು? ಸಾವಿರ ಸಲ ಗಿರಾಕಿಗಳಿಗೆ ಬೈದಿದ್ದೆನಲ್ಲ, ಅದನ್ನೆಲ್ಲ ಒಂದೂ ಬಿಡದೆ ನಾನೇ ಮಾಡಿದೆ. ತುದಿ ಇಳಿಸಿದೆ, ಹೆಬ್ಬೆರಳು ಇಟ್ಟು ಸುಟ್ಟುಕೊಂಡೆ, ದಾರವನ್ನು ಡಾಕ್ಟರ ದಾರಕ್ಕೆ ಸುತ್ತಿಸಿ ಅವರನ್ನೂ ಒಂದು ಸುತ್ತು ಹಾಕಿಸಿದೆ. ಮೀನು ಹಾರಿತು. ಬೆಳ್ಳಿ ಸಾಲ್ಮನ್, ಕಣ್ಣಳತೆಗೆ ಹದಿನೇಳು ಪೌಂಡಿಗೆ ಕಡಿಮೆಯಿಲ್ಲ. ಈ ಸೀಸನ್ನಿನಲ್ಲಿ ಈ ಬಂದರಿನಲ್ಲಿ ಅಂಥದ್ದನ್ನು ಯಾರೂ ಕಂಡಿಲ್ಲ. ಎರಡನೇ ಸಲ ಹಾರಿದಾಗ ಹೊಸ ಮಂಡಿ ಹಳೆಯ ಮಂಡಿ ಎರಡೂ ಮರೆತು ನಾನೂ ಹಾರಿದೆನೆಂದು ಕಾಣುತ್ತದೆ. ಇಪ್ಪತ್ತು ನಿಮಿಷ. ದೋಣಿಯವರೆಲ್ಲ ಗಾಳ ಬಿಟ್ಟು ನನ್ನ ಸುತ್ತ ಸೇರಿ, ‘ಏಳನೇ ನಂಬರ್, ಬಿಡಬೇಡಿ’ ಎಂದು ಕೂಗುತ್ತಿದ್ದರು, ನಾನು ಮಾತ್ರ ತುಟಿ ಬಿಗಿದುಕೊಂಡು ಮೂಗಿನಲ್ಲೇ ಉಸಿರಾಡುತ್ತಿದ್ದೆ.

ಮೀನು ಪಕ್ಕಕ್ಕೆ ಬಂತು. ಓರಿನ್ ಕೈಬಲೆ ಇಳಿಸಿದವನು ಹಾಗೇ ನಿಂತ. “ಲೈಲ್, ಬಾ ಇಲ್ಲಿ” ಎಂದು ಕರೆದ. ಬೆನ್ನಿನ ಮೇಲಿನ ಸಣ್ಣ ರೆಕ್ಕೆ ಅರ್ಧ ಇತ್ತು, ಅರ್ಧ ಇರಲಿಲ್ಲ. ಏನು ವಿಷಯವೆಂದು ಡಾಕ್ಟರು ಕೇಳಿದರು. “ಸಾಕಿ ಬಿಟ್ಟ ಮರಿಗೆ ಆ ರೆಕ್ಕೆ ಕತ್ತರಿಸಿರ್ತಾರೆ ಸಾರ್, ಅಂಥದ್ದನ್ನ ಮನೆಗೆ ಒಯ್ಯಬೋದು. ರೆಕ್ಕೆ ಇದ್ರೆ ಹೊಳೇಲಿ ತಾನಾಗಿ ಹುಟ್ಟಿದ್ದು, ದೋಣಿಯೊಳಗೆ ಎತ್ತೋ ಹಾಗೇ ಇಲ್ಲ” ಎಂದ ಓರಿನ್. ಆಮೇಲೆ ಲೈಲ್ ಕಡೆ ತಿರುಗಿ, ದನಿ ತಗ್ಗಿಸಿ, “ಅರ್ಧ ಕತ್ತರಿಸಿದೆಯಲ್ಲ ಮಾರಾಯ. ಲೆಕ್ಕಕ್ಕೆ ಬರುತ್ತೆ. ಹಿಡ್ಕೊಂಡಿರೋದು ಯಾರು ಅಂತ ನೋಡ್ಕೊಂಡು ಹೇಳು” ಎಂದ.

ಲೈಲ್ ನನ್ನನ್ನು ನೋಡಿದ. ಈ ದಿನದ ಕೊನೆಗೆ ಅವನ ಹಣೆಬರಹ ಬರೆಯುವವಳು ನಾನು, ಅದು ಅವನಿಗೆ ಗೊತ್ತು, ಅವನಿಗೆ ಗೊತ್ತೆಂದು ನನಗೂ ಗೊತ್ತು. ನಾನಾಗಿದ್ದರೆ? ನಿನಗೆ ಸುಳ್ಳು ಬರೆಯುವುದಿಲ್ಲ. ಗಿರಾಕಿಯ ಮುಖ ನೋಡಿ, ಅದರಲ್ಲೂ ಅಂಥ ಗಿರಾಕಿಯಾದರೆ, ಕತ್ತರಿ ಸರಿಯಾಗಿ ಬಿದ್ದಿಲ್ಲ ಅಷ್ಟೇ ಎಂದು ಎತ್ತಿಬಿಡುತ್ತಿದ್ದೆ. ಲೈಲ್ ಹೊಟ್ಟೆಯ ಮೇಲೆ ಮಲಗಿ, ತೋಳನ್ನು ನೀರಿಗಿಳಿಸಿ, ಆ ರೆಕ್ಕೆಯ ಅಂಚನ್ನು ಬೆರಳಿನಿಂದ ಸವರಿದ. ಎದ್ದು ಹೇಳಿದ: “ಕತ್ತರಿಸಿದ್ರೆ ಗಾಯ ಮಾಗಿದ ಗುರುತು ಇರಬೇಕು. ಇಲ್ಲ. ಯಾವುದೋ ಮೀನು ಕಚ್ಚಿದ್ದು ಇದು, ಹಸಿ ಇದೆ. ಬಿಡಬೇಕು, ಅತ್ತೆ.”

ಕ್ಷಮಿಸಿ ಎನ್ನಲಿಲ್ಲ. ಡಾಕ್ಟರಿಗೆ ತಡೆಯಲಾಗಲಿಲ್ಲ, “ಅಲ್ರೀ, ಪಾಪ, ಮಾತು ಬರದ ಹೆಂಗಸು, ಜೀವನದ ಮೊದಲ ಮೀನು...” ಎಂದು ಜಗಳಕ್ಕೇ ನಿಂತರು. ಲೈಲ್ ಅವರಿಗೆ ಮೆತ್ತಗೆ, “ಪಾಪದವರಲ್ಲ ಸಾರ್ ಅವರು” ಎಂದು ಹೇಳಿ ಕೊಕ್ಕೆಕೋಲಿನಿಂದ ಗಾಳ ಬಿಡಿಸಿದ. ಮೀನು ಒಂದು ಗಳಿಗೆ ದೋಣಿಯ ನೆರಳಿನಲ್ಲಿ ನಿಂತಿತು. ಬಾಲ ಬೀಸಿತು, ನನ್ನ ಮುಖಕ್ಕೆ ಒಂದು ಬೊಗಸೆ ನೀರು ಎರಚಿತು, ಹೋಯಿತು. ನನ್ನ ಬಾಯಲ್ಲಿ ಆಗ ಇದ್ದ ಮಾತುಗಳನ್ನು ಇಲ್ಲಿ ಬರೆದರೆ ಅಂಚೆಯವರು ಕಾಗದ ವಾಪಸು ಕಳಿಸುತ್ತಾರೆ. ಆದರೆ ಬಾಯಿ ತೆರೆದಾಗ ಬಂದದ್ದು ನಗು. ತಡೆಯಲಾಗಲಿಲ್ಲ. ಉಪ್ಪುನೀರು ಸುರಿಸಿಕೊಂಡು, ಕಟಾಂಜನ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕೆ. “ದನಿ ಬಂತು!” ಎಂದು ಡಾಕ್ಟರು ಚಪ್ಪಾಳೆ ತಟ್ಟಿದರು. ಓರಿನ್, “ಸೋತ್ರಿ ಯಜಮಾನ್ತಿ, ಸೋತ್ರಿ” ಎಂದ. ಲೈಲ್ ಚುಕ್ಕಾಣಿ ಕೋಣೆಗೆ ಹೋಗುತ್ತಿದ್ದವನು ಬಾಗಿಲಲ್ಲಿ ನಿಂತು, “ನಗೋದು ಮಾತಲ್ಲ” ಎಂದು ತೀರ್ಪು ಕೊಟ್ಟ.

ಮಧ್ಯಾಹ್ನ ಎರಡಕ್ಕೆ ದಡ ಮುಟ್ಟಿದೆವು. ಹನ್ನೆರಡು ಜನಕ್ಕೆ ಹತ್ತೊಂಬತ್ತು ಸಾಲ್ಮನ್. ನನ್ನ ಪಾಲಿಗೆ ಸೊನ್ನೆ. ಡಾಕ್ಟರು ತಮ್ಮ ಒಂದು ಮೀನನ್ನು ನನಗೇ ಕೊಡಲು ಬಂದರು, ಕೈಮುಗಿದು ಬೇಡವೆಂದೆ. ಅವರು ಇಳಿಯುವ ಮೊದಲು ಸೆಪ್ಟೆಂಬರಿನ ಟ್ಯೂನಾ ಬೇಟೆಗೆ ನಾಲ್ಕು ಜಾಗ ಹೇಳಿ ಹೋದರು. ನನಗಲ್ಲ, ಲೈಲ್‌ಗೆ.

ಎಲ್ಲ ಹೋದ ಮೇಲೆ ಲೈಲ್ ದೋಣಿ ತೊಳೆಯುತ್ತಿದ್ದ. ನಾನೀಗ ಮಾತಾಡಬಹುದಿತ್ತು. ಏನನ್ನಿಸಿತು ಎಂದು ಅವನು ಕೇಳಲಿಲ್ಲ. ಪೈಪು ಸುತ್ತುತ್ತ, “ಅತ್ತೆ, ಟಕೋಮಾದವರಿಗೆ ಕೊಡೋದಾದ್ರೆ ಎಡಗಡೆ ಪಂಪು ಸೋರುತ್ತೆ ಅಂತ ಮೊದಲೇ ಹೇಳ್ಬಿಡಿ. ಆಮೇಲೆ ಗೊತ್ತಾಗೋದು ಬೇಡ” ಎಂದ. ಅರವತ್ಮೂರು ಮಾತು ಬೆಳಗಿನಿಂದ ನುಂಗಿ ಕೂಡಿಟ್ಟವಳು, ಖರ್ಚು ಮಾಡಲು ಒಂದೂ ಸಿಗದೆ ಮನೆಗೆ ನಡೆದುಬಂದೆ.

ಇಷ್ಟು ವಿಷಯ. ಓರಿನ್ ನಿನ್ನ ಕ್ಷೇಮ ಕೇಳಿದ್ದಾಗಿ ತಿಳಿಸು ಅಂದ. ಅಲೆ ಜೋರಿದ್ದಾಗ ಒಂದು ಕೈ ಹಡಗಿಗೆ, ಒಂದು ಕೈ ನಿನಗೆ. ಹ್ಯಾಲಿಬಟ್ ಎಷ್ಟೇ ದೊಡ್ಡದಿದ್ದರೂ ಎರಡೂ ಕೈ ಅದಕ್ಕೆ ಕೊಡಬೇಡ. ಕಡಲು ನಿನ್ನನ್ನು ಒಣಗಿದ ಕಾಲುಚೀಲದೊಂದಿಗೆ ಮನೆಗೆ ಕಳಿಸಲಿ.

ನಿನ್ನ ಅಮ್ಮ,
ವರ್ನಾ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಆತುರದಲ್ಲಿ ಬರೆಯುತ್ತಿದ್ದೇನೆ. ಟಕೋಮಾದವನಿಗೆ ಬೆಳಿಗ್ಗೆಯೇ ಫೋನು ಮಾಡಿ ದೋಣಿ ಮಾರಾಟಕ್ಕಿಲ್ಲ ಅಂದೆ. ಲೈಲ್‌ಗೆ ಹೇಳುವುದು ಹೇಗೆಂದು ತೋಚದೆ ಬೋರ್ಡು ಬರೆಯುವಾಕೆಯನ್ನು ಕರೆಸಿದೆ. ಈಗ ಆಫೀಸಿನ ಸೂರಿನಡಿ ಏಣಿ ಹಾಕಿ, ‘ತಾಂಡೇಲ’ ಎಂಬುದರ ಮುಂದಿದ್ದ ನನ್ನ ಹೆಸರು ಕೆರೆದು ತೆಗೆದು ಅವನದನ್ನು ಬರೆಯುತ್ತಿದ್ದಾಳೆ. ಅವಳು ಬರೆದು ಮುಗಿಸುವಷ್ಟರಲ್ಲಿ ಲೈಲ್ ಬಂದ. ಬೋರ್ಡಿನ ಕೆಳಗೆ ನಿಂತು ಬಹಳ ಹೊತ್ತು ಓದಿದ, ಇರುವುದು ಎರಡು ಪದ. ಟೋಪಿ ತೆಗೆದ, ಮತ್ತೆ ಹಾಕಿಕೊಂಡ. ಕಿಟಕಿಯಿಂದ ಕೇಳಿದೆ, ನಾಳೆ ನಾನು ಎಷ್ಟು ಹೊತ್ತಿಗೆ ಬರಲಿ ಎಂದು. “ನಾಲ್ಕೂವರೆಗೆ ಬನ್ನಿ ಅತ್ತೆ” ಎಂದ. “ಮಾತಾಡಬೋದು. ಅಳಿವೆ ದಾಟಿದ ಮೇಲೆ.”